ನಾಲ್ಕನೆಯ ಹೋಲ್‌ನ ಎಡಗಡೆ: ಸೌಮ್ಯಾಳ ಪ್ರಶ್ನೆಗೆ ದೊಡ್ಡಮ್ಮನ ಉತ್ತರ

ಸೌಮ್ಯಾ, ನಮ್ಮ ಮನೆಯ ಹಿಂದಿನ ಪಾರ್ಕಿನಲ್ಲಿರುವ ಡಿಸ್ಕ್ ಗಾಲ್ಫ್ ಕೋರ್ಸಿಗೆ, ಅಂದರೆ ಫ್ರಿಸ್ಬಿಯಂಥ ಡಿಸ್ಕನ್ನು ಎಸೆದು ಬುಟ್ಟಿಗೆ ಬೀಳಿಸುವ ಆಟದ ಜಾಗಕ್ಕೆ, ಈ ಶನಿವಾರ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗಬಹುದೇ, ಫೋನಿನಲ್ಲಿ ಅದಕ್ಕೆ ಐದರಲ್ಲಿ ನಾಲ್ಕು ನಕ್ಷತ್ರಗಳಿವೆ, ಆದರೆ ಯಾರೋ ಒಬ್ಬರು ‘ನಾಲ್ಕರಲ್ಲಿ ಎಡಗಡೆಯ ಪೊದೆ ಜೋಪಾನ’ ಎಂದು ಒಂದೇ ಸಾಲು ಬರೆದಿದ್ದಾರೆ, ಅಲ್ಲಿ ಹಾವೇನಾದರೂ ಇದೆಯೇ ಎಂದು ನೀನು ನಿನ್ನೆ ರಾತ್ರಿ ಗುಂಪಿನಲ್ಲಿ ಕೇಳಿದ್ದೀಯೆ. ಬೆಳಿಗ್ಗೆ ಎದ್ದ ಮೇಲೆ ಅದನ್ನು ನೋಡಿದೆ. ಎರಡು ಸಾಲಿನಲ್ಲಿ ಉತ್ತರಿಸುವ ಪ್ರಶ್ನೆಯಲ್ಲವಾದ್ದರಿಂದ ಧ್ವನಿಯಲ್ಲೇ ಹೇಳುತ್ತಿದ್ದೇನೆ. ಅಡುಗೆ ಮಾಡುತ್ತಲಾದರೂ ಸರಿ, ಪೂರ್ತಿ ಕೇಳು. ಅಲ್ಲಿರುವ ಅಷ್ಟೂ ವಿಮರ್ಶೆಗಳಲ್ಲಿ ನಿನಗೆ ನಿಜವಾಗಿ ಬೇಕಾದದ್ದು ಆ ಒಂದು ಸಾಲೇ. ಅದರಲ್ಲಿ ಹೇಳಿರುವುದು ಹಾವಿನ ವಿಷಯವಲ್ಲ, ತಾಗಿದರೆ ಮೈ ತುರಿಸಿ ಗುಳ್ಳೆಯೇಳಿಸುವ ಪಾಯ್ಸನ್ ಓಕ್ ಎಂಬ ಗಿಡದ ವಿಷಯ.

ಕೋರ್ಸು ಚೆನ್ನಾಗಿಲ್ಲವೆಂದು ನಾನು ಹೇಳುತ್ತಿಲ್ಲ. ದಿನವೂ ಅಲ್ಲೇ ವಾಕಿಂಗ್ ಹೋಗುವವಳಾದ್ದರಿಂದ ಅದರ ಒಂದೊಂದು ಮರವೂ ನನಗೆ ಪರಿಚಯ. ಇರುವುದು ಒಂಬತ್ತೇ ಹೋಲ್‌ಗಳು. ಹೋಲ್ ಎಂದರೆ ಎಸೆಯುವ ಜಾಗದಿಂದ ಅದರ ಬುಟ್ಟಿಯವರೆಗಿನ ಒಂದು ಹಂತ. ಎಲ್ಲವೂ ಮೂರು ಎಸೆತಗಳಲ್ಲಿ ಮುಗಿಸುವ ಲೆಕ್ಕದವು, ಹೆಚ್ಚಿನವು 250 ಅಡಿಯೊಳಗಿನವು. ಬುಟ್ಟಿಗಳ ಸರಪಳಿಗೆ ತುಕ್ಕು ಹಿಡಿದಿಲ್ಲ. ಟೀಗಳಿಗೆ, ಅಂದರೆ ನಿಂತು ಎಸೆಯುವ ಜಾಗಗಳಿಗೆ, ರಬ್ಬರ್ ಹಾಸು ಹಾಕಿರುವುದರಿಂದ ಚಳಿಗಾಲದ ಮಳೆಯಲ್ಲೂ ಕಾಲು ಜಾರುವುದಿಲ್ಲ. ಟಿಕೆಟ್ ಇಲ್ಲ, ಮೊದಲೇ ಹೇಳಿಟ್ಟುಕೊಳ್ಳಬೇಕಾಗಿಲ್ಲ, ಎರಡು ಡಿಸ್ಕ್ ಹಿಡಿದುಕೊಂಡು ಹೋದರೆ ಆಯಿತು. ಈ ಆಟದ ಮೊದಲ ಶಾಶ್ವತ ಕೋರ್ಸು 1975ರಲ್ಲಿ ನಮ್ಮ ಕ್ಯಾಲಿಫೋರ್ನಿಯಾದಲ್ಲೇ, ಲಾಸ್ ಏಂಜಲೀಸ್ ಹತ್ತಿರದ ಓಕ್ ಗ್ರೋವ್ ಪಾರ್ಕಿನಲ್ಲಿ ಆದದ್ದು. ಅದನ್ನು ಮಾಡಿದ ಎಡ್ ಹೆಡ್ರಿಕ್ ಅವರೇ ಮುಂದೆ ಸರಪಳಿಯ ಬುಟ್ಟಿಯನ್ನೂ ರೂಪಿಸಿದರು. ಮರಗಳನ್ನು ಕಡಿದು ನೆಲವನ್ನು ಸಮ ಮಾಡುವ ಬದಲು, ಇರುವ ಮರ, ಇಳಿಜಾರು, ಹಳ್ಳಗಳನ್ನೇ ಆಟಕ್ಕೆ ಬಳಸಿಕೊಳ್ಳುವುದು ಈ ಆಟದಲ್ಲಿ ಅಂದಿನಿಂದಲೂ ನಡೆದುಬಂದ ರೀತಿ. ನನಗೆ ಇದರಲ್ಲಿ ತುಂಬ ಇಷ್ಟವಾಗುವುದೂ ಅದೇ. ಆದರೆ ಓಕ್ ಮರದ ನೆರಳು ಮತ್ತು ಹಳ್ಳದ ಅಂಚು ಎರಡೂ ಇರುವಲ್ಲಿ ಪಾಯ್ಸನ್ ಓಕ್ ತಾನಾಗಿಯೇ ಹಬ್ಬುತ್ತದೆ, ಮತ್ತು ನಾಲ್ಕನೆಯ ಹೋಲ್‌ನ ಎಡಗಡೆ ಸರಿಯಾಗಿ ಅಂಥ ಜಾಗ.

ನಕ್ಷತ್ರ ಕೊಡುವವರು ಯಾರೆಂದು ಸ್ವಲ್ಪ ಯೋಚನೆ ಮಾಡು. ಚೆನ್ನಾಗಿ ಆಡಲು ಬಲ್ಲವರು, ಊರೂರಿನ ಕೋರ್ಸುಗಳನ್ನು ನೋಡಿದವರು ಬರೆಯುತ್ತಾರೆ. ಅವರ ಡಿಸ್ಕು ನಾಲ್ಕನೆಯ ಟೀಯಿಂದ ಹೊರಟು ನೇರವಾಗಿ ಬುಟ್ಟಿಯ ಹತ್ತಿರ ಬೀಳುವುದರಿಂದ, ಎಡಗಡೆ ಏನಿದೆಯೆಂದು ಅವರು ತಿರುಗಿ ನೋಡುವ ಸಂದರ್ಭವೇ ಬರುವುದಿಲ್ಲ. ಹೊಸಬರ ಕಥೆ ಬೇರೆ. ಬಲಗೈಯವರು ಸಾಮಾನ್ಯ ರೀತಿಯಲ್ಲಿ, ಅಂದರೆ ಎದೆಯ ಮುಂದಿನಿಂದ ಹೊರಕ್ಕೆ ಬೀಸಿ ಎಸೆದಾಗ, ಡಿಸ್ಕಿನ ವೇಗ ಕಡಿಮೆಯಾಗುತ್ತಾ ಬಂದಂತೆ ಅದು ಎಡಕ್ಕೆ ವಾಲಿ ಇಳಿಯುತ್ತದೆ. ಡ್ರೈವರ್ ಎಂದು ಕರೆಯುವ, ಅಂಚು ಚೂಪಾಗಿರುವ ಡಿಸ್ಕುಗಳಲ್ಲಿ ಇದು ಇನ್ನೂ ಹೆಚ್ಚು. ಅವುಗಳಿಗೆ ಬೇಕಾದಷ್ಟು ವೇಗವನ್ನು ಕೊಡುವ ಶಕ್ತಿ ಮಕ್ಕಳ ತೋಳಿನಲ್ಲಿ ಇರುವುದಿಲ್ಲ, ಆದ್ದರಿಂದ ಅವು ಸ್ವಲ್ಪ ದೂರ ಹೋಗಿ ಥಟ್ಟನೆ ಎಡಕ್ಕೆ ತಿರುಗಿ ಬೀಳುತ್ತವೆ. ಹೀಗಾಗಿ ಆ ಪೊದೆಗೆ ಹೋಗಿ ಬೀಳುವುದು ಮಕ್ಕಳ ಮತ್ತು ನಮ್ಮಂಥವರ ಡಿಸ್ಕುಗಳೇ. ಕೋರ್ಸನ್ನು ಅಳೆಯಬೇಕಾದದ್ದು ಗುರಿ ತಪ್ಪಿದ ಎಸೆತ ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಿ ಎಂದು ನಾನು ನಂಬುತ್ತೇನೆ, ಮತ್ತು ಹಾಗೆ ನಂಬಲು ಕಾರಣವಿದೆ.

ನಿಮ್ಮ ದೊಡ್ಡಪ್ಪ ನಿವೃತ್ತರಾದ ವರ್ಷ ರಘುವಿನ ಮಗ ರಜೆಗೆ ನಮ್ಮಲ್ಲಿಗೆ ಬಂದಿದ್ದ. ಇಬ್ಬರೂ ಬೆಳಿಗ್ಗೆ ಕೋರ್ಸಿಗೆ ಹೋದರು. ಹುಡುಗನ ಕೈಯಲ್ಲಿ ಯಾರೋ ಕೊಟ್ಟ ಕೆಂಪು ಬಣ್ಣದ ಡ್ರೈವರ್ ಇತ್ತು. ನಾಲ್ಕರಲ್ಲಿ ಅದು ಎಡಕ್ಕೆ ವಾಲಿ ಪೊದೆಯೊಳಗೆ ಹೋಯಿತು, ಮಗುವಿಗೆ ಮುಳ್ಳು ತಾಗೀತೆಂದು ಇವರು ತಾವೇ ಅರ್ಧ ತೋಳಿನ ಅಂಗಿಯಲ್ಲಿ ಮೊಣಕೈವರೆಗೆ ಕೈ ಹಾಕಿ ಡಿಸ್ಕನ್ನು ಎಳೆದು, ಅಂಗಿಗೆ ಒರೆಸಿ, ಹುಡುಗನಿಗೆ ಕೊಟ್ಟರು. ಆ ದಿನ ಏನೂ ಆಗಲಿಲ್ಲ. ಮಾರನೆಯ ದಿನ ಸಂಜೆ ಮುಂಗೈಯಲ್ಲಿ ಗೆರೆ ಎಳೆದಂತೆ ಕೆಂಪಾಗಿ ತುರಿಕೆ ಶುರುವಾಯಿತು, ಅದರ ಮರುದಿನ ನೀರು ತುಂಬಿದ ಗುಳ್ಳೆಗಳೆದ್ದವು, ಬೆವರು ಒರೆಸಿಕೊಂಡ ಕೈಯಿಂದ ಕಣ್ಣಿನ ರೆಪ್ಪೆಗೂ ತಾಗಿ ಒಂದು ಕಣ್ಣು ಪೂರ್ತಿ ಮುಚ್ಚಿಕೊಂಡಿತು. ಹುಡುಗನ ಬೆರಳುಗಳ ನಡುವೆಯೂ ಗುಳ್ಳೆ. ಡಾಕ್ಟರು ನೋಡಿದ ಕೂಡಲೇ ಪಾಯ್ಸನ್ ಓಕ್ ಎಂದರು, ಮುಖಕ್ಕೆ ಬಂದಿದ್ದರಿಂದ ಸ್ಟೀರಾಯ್ಡ್ ಮಾತ್ರೆಗಳನ್ನು ಕೊಟ್ಟು, ಅವನ್ನು ಒಮ್ಮೆಗೇ ನಿಲ್ಲಿಸದೆ ವಾರಗಳ ಕಾಲ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬರಬೇಕೆಂದರು. ಅಷ್ಟು ದಿನವೂ ಅವರಿಗೆ ರಾತ್ರಿ ನಿದ್ರೆಯಿರಲಿಲ್ಲ. ತಣ್ಣನೆಯ ಬಟ್ಟೆ ಸುತ್ತಿಕೊಂಡು ಕುರ್ಚಿಯಲ್ಲಿ ಕುಳಿತಿರುತ್ತಿದ್ದರು.

ಡಾಕ್ಟರು ಒಂದು ಪ್ರಶ್ನೆ ಕೇಳಿದರು: ‘ಮಾವಿನ ಸೊನೆ ತಾಗಿದರೆ ನಿಮಗೆ ಹುಣ್ಣಾಗುತ್ತದೆಯೇ?’ ಪುತ್ತೂರಿನಲ್ಲಿ ನಮ್ಮ ಮಾವನವರ ಗುಡ್ಡದ ಗೇರು ತೋಟ ನಿಮಗೆಲ್ಲ ಗೊತ್ತೇ ಇದೆ. ಅಲ್ಲಿ ಬೇಸಿಗೆ ರಜೆಯಲ್ಲಿ ಹಸಿ ಗೇರುಬೀಜವನ್ನು ಸುಟ್ಟು, ಕಲ್ಲಿನಿಂದ ಜಜ್ಜಿ ತಿಂದು, ಬಾಯಿಯ ಸುತ್ತ ಹುಣ್ಣು ಮಾಡಿಕೊಳ್ಳದ ಹುಡುಗರೇ ಇರಲಿಲ್ಲ. ದೊಡ್ಡಪ್ಪನಿಗಂತೂ ಮಾವಿನಹಣ್ಣಿನ ತೊಟ್ಟು ಕಚ್ಚಿದರೂ ತುಟಿ ಒಡೆಯುತ್ತಿತ್ತು. ಗೇರು, ಮಾವು, ಪಾಯ್ಸನ್ ಓಕ್ ಮೂರೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಪಾಯ್ಸನ್ ಓಕ್‌ನಲ್ಲಿರುವ ಎಣ್ಣೆಗೆ ಯುರುಶಿಯಾಲ್ ಎಂದು ಹೆಸರು. ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿ ಮತ್ತು ಮಾವಿನ ಸೊನೆಯಲ್ಲಿ ಇರುವುದು ಅದಕ್ಕೆ ಬಹಳ ಹತ್ತಿರದ ಪದಾರ್ಥ. ಒಂದಕ್ಕೆ ಅಲರ್ಜಿಯಾಗುವ ಚರ್ಮ ಇನ್ನೊಂದಕ್ಕೂ ಸಿಡಿದೇಳಬಹುದೆಂದು ಡಾಕ್ಟರು ವಿವರಿಸಿದರು. ಆದ್ದರಿಂದ ‘ನಾವು ಈ ದೇಶದವರಲ್ಲ, ಈ ಗಿಡ ನಮಗೇನು ಮಾಡುತ್ತದೆ’ ಎಂದು ನಮ್ಮ ಗುಂಪಿನಲ್ಲಿ ಯಾರೂ ಅಂದುಕೊಳ್ಳಬಾರದು. ಗೇರು ತೋಟದ ಮನೆಯಿಂದ ಬಂದವರು ಎಲ್ಲರಿಗಿಂತ ಹೆಚ್ಚು ಜಾಗ್ರತೆಯಾಗಿರಬೇಕು. ನಿನ್ನ ಚಿಕ್ಕವನಿಗೂ ಕಳೆದ ಬೇಸಿಗೆಯಲ್ಲಿ ಮಾವಿನಹಣ್ಣು ತಿಂದು ತುಟಿ ಊದಿಕೊಂಡಿತ್ತೆಂದು ನಿನ್ನ ಅಮ್ಮನೇ ನನಗೆ ಹೇಳಿದ್ದಳು. ನಾನು ಅದನ್ನು ಮರೆತಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಕೆಂಪು ಡಿಸ್ಕನ್ನು ತೊಳೆಯದೆ ಕಾರಿನ ಡಿಕ್ಕಿಯಲ್ಲಿ ಹಾಕಿಟ್ಟಿದ್ದರು. ಮಳೆಗಾಲ ಕಳೆದ ಮೇಲೆ ರಘು ಬಂದವನು ಅದನ್ನು ತೆಗೆದು ಹಿತ್ತಲಿನಲ್ಲಿ ಎಸೆದಾಡಿದ. ಅವನ ಅಂಗೈ ಬದಿಯಲ್ಲಿ ಮತ್ತೆ ಅದೇ ಗುಳ್ಳೆಗಳು. ಆ ಎಣ್ಣೆ ಒಣಗಿದಂತೆ ಕಂಡರೂ ಪ್ಲಾಸ್ಟಿಕ್, ಬಟ್ಟೆ, ಶೂ ಲೇಸುಗಳ ಮೇಲೆ ಬಹುಕಾಲ ಶಕ್ತಿ ಕಳೆದುಕೊಳ್ಳದೆ ಕುಳಿತಿರುತ್ತದೆ. ಗುಳ್ಳೆಯ ನೀರಿನಿಂದ ಒಬ್ಬರಿಂದೊಬ್ಬರಿಗೆ ಹರಡುತ್ತದೆ ಎಂಬುದು ಸುಳ್ಳು, ಹರಡುವುದು ಎಣ್ಣೆಯಿಂದ. ಆದ್ದರಿಂದ ಸೌಮ್ಯಾ, ನಾಲ್ಕನೆಯ ಹೋಲ್‌ನ ಎಡಗಡೆಯ ಪೊದೆಗೆ ಮಕ್ಕಳನ್ನು ಬಿಡಬೇಡ, ನೀನೂ ಕೈ ಹಾಕಬೇಡ. ಡಿಸ್ಕು ಹೋದರೆ ಹೋಯಿತು.

ಆ ಜಾಗವನ್ನು ಸರಿಪಡಿಸಲು ಸಾಧ್ಯವಿಲ್ಲವೆಂದಲ್ಲ. ನನಗೆ ಬೇಸರವಾಗುವುದು ಅದಕ್ಕೇ. ಇಲ್ಲಿ ಕ್ಯಾಲಿಫೋರ್ನಿಯಾದ ಎಷ್ಟೋ ಊರುಗಳಲ್ಲಿ ಬೇಸಿಗೆಗೆ ಮುಂಚೆ ಆಡುಗಳ ಹಿಂಡು ತರಿಸಿ ಗುಡ್ಡದ ಪೊದೆಗಳನ್ನು ಮೇಯಿಸುತ್ತಾರೆ. ಆಡುಗಳಿಗೆ ಪಾಯ್ಸನ್ ಓಕ್ ಏನೂ ಮಾಡುವುದಿಲ್ಲ, ಇಷ್ಟಪಟ್ಟು ತಿನ್ನುತ್ತವೆ. ಬೆಂಕಿ ಹಾಕುವಂತಿಲ್ಲ, ಏಕೆಂದರೆ ಅದರ ಹೊಗೆ ಶ್ವಾಸಕೋಶಕ್ಕೆ ಹೋದರೆ ಚರ್ಮಕ್ಕಿಂತ ದೊಡ್ಡ ಅಪಾಯ. ಹೀಗಾಗಿ ಆಡುಗಳನ್ನಾದರೂ ತರಿಸಿ, ಇಲ್ಲವಾದರೆ ಆ ಗಿಡದ ಮೂರೆಲೆಯ ಚಿತ್ರವಿರುವ ಒಂದು ಫಲಕವನ್ನಾದರೂ ನಾಲ್ಕನೆಯ ಟೀ ಬಳಿ ನೆಡಿ ಎಂದು ನಾನು ಪಾರ್ಕಿನ ಉಸ್ತುವಾರಿಯವರಿಗೆ ಪತ್ರ ಬರೆದೆ, ಸಭೆಗೂ ಹೋಗಿ ಹೇಳಿದೆ. ತಲೆಯಾಡಿಸಿದರು. ಹಣವಿಲ್ಲವೆಂದರು. ಆದರೆ ಅದೇ ವರ್ಷ ಆರನೆಯ ಹೋಲ್‌ನ ಟೀಯನ್ನು ಹಿಂದಕ್ಕೆ ಸರಿಸಲು ಹಣ ಸಿಕ್ಕಿತು. ಏಕೆಂದರೆ ಫೋನಿನಲ್ಲಿ ಒಬ್ಬರಾದ ಮೇಲೊಬ್ಬರು ‘ತೀರಾ ಚಿಕ್ಕ ಕೋರ್ಸು, ಸವಾಲಿಲ್ಲ’ ಎಂದು ಬರೆದಿದ್ದರು. ನಮ್ಮಂಥವರು ಕುಳಿತು ದಣಿವಾರಿಸಿಕೊಳ್ಳುತ್ತಿದ್ದ ಬೆಂಚನ್ನು ಕಿತ್ತು ಅಲ್ಲಿ ಹೊಸ ಟೀ ಮಾಡಿದರು, ಈಗ ಆರರಲ್ಲಿ ಎಸೆಯುವ ಡಿಸ್ಕು ನಾವು ನಡೆಯುವ ದಾರಿಯ ಮೇಲಿಂದಲೇ ಹಾದುಹೋಗುತ್ತದೆ.

ಸೌಮ್ಯಾ, ನಮ್ಮ ಓಣಿಯ ಮಕ್ಕಳಿಗೆ, ಮೊಣಕಾಲು ನೋವಿನವರಿಗೆ, ಮಗುವಿನ ಗಾಡಿ ತಳ್ಳುತ್ತಾ ಬರುವ ತಾಯಂದಿರಿಗೆ ಬೇಕಾದದ್ದು ಚಿಕ್ಕ ಕೋರ್ಸೇ. ಚಿಕ್ಕದಾಗಿರುವುದನ್ನು ದೋಷವೆಂದು ಬರೆಯುವವರು ಅದನ್ನು ಯಾರಿಗಾಗಿ ಮಾಡಿದ್ದಾರೆಂದು ಕೇಳಿಯೇ ಇಲ್ಲ. ಹಳೆಯ ಫ್ರಿಸ್ಬಿಯ ಅಂಚು ದಪ್ಪಗೆ, ದುಂಡಗೆ ಇರುತ್ತಿತ್ತು. 1983ರ ಸುಮಾರಿಗೆ ಇನ್ನೋವಾ ಎಂಬ ಡಿಸ್ಕ್ ಕಂಪನಿಯವರು ಅಂಚನ್ನು ಇಳಿಜಾರಾಗಿ ಚೂಪು ಮಾಡಿದ ಡಿಸ್ಕನ್ನು ತಂದ ಮೇಲೆ ಅವು ಎಷ್ಟೋ ದೂರ ಹಾರತೊಡಗಿದವು. 170 ಗ್ರಾಂ ತೂಕದ ಗಟ್ಟಿ ಪ್ಲಾಸ್ಟಿಕ್ ಅಷ್ಟು ವೇಗದಲ್ಲಿ ಬಂದು ತಲೆಗೆ ಬಡಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಯಾರಿಗೂ ತಾಗುವುದಿಲ್ಲವೆಂದು ಖಚಿತವಾಗುವವರೆಗೆ ಎಸೆಯಕೂಡದೆಂಬುದು ಈ ಆಟದ ನಿಯಮವೇ ಹೌದು, ಹೆಚ್ಚಿನ ಆಟಗಾರರು ಅದನ್ನು ಪಾಲಿಸುತ್ತಾರೆ, ನಮ್ಮನ್ನು ಕಂಡರೆ ಕೈ ಬೀಸಿ ದಾಟಿಹೋಗಲು ಬಿಡುತ್ತಾರೆ. ಆದರೆ ಹೊಸ ಟೀಯಿಂದ ದಾರಿಯ ತಿರುವು ಮರದ ಹಿಂದೆ ಮರೆಯಾಗಿರುವಾಗ ಎಂಥ ಒಳ್ಳೆಯ ಮನುಷ್ಯನಾದರೂ ಏನು ಮಾಡಬೇಕು? ಇದನ್ನೆಲ್ಲ ವಿಮರ್ಶೆಯಾಗಿ ಬರೆದು ಹಾಕು ಎಂದು ನಾನು ರಘುವಿಗೂ ಹೇಳಿದೆ, ನಿನ್ನ ತಮ್ಮನಿಗೂ ಹೇಳಿದೆ. ಇಬ್ಬರೂ ‘ಆಯಿತು’ ಎಂದರು, ಇಬ್ಬರೂ ಬರೆಯಲಿಲ್ಲ. ನೀನು ನೋಡಿದ ಆ ಒಂದು ಸಾಲನ್ನು ಬರೆದವರು ಯಾರೆಂದು ನನಗೆ ತಿಳಿಯದು, ಅವರಿಗೆ ಒಳ್ಳೆಯದಾಗಲಿ.

ಮತ್ತೊಮ್ಮೆ ಹೇಳುತ್ತೇನೆ, ಈ ಮಾತು ಮಕ್ಕಳ ಕಿವಿಗೂ ಬೀಳಲಿ: ನಾಲ್ಕರ ಎಡಗಡೆಯ ಪೊದೆಗೆ ಯಾರೂ ಹೋಗಬಾರದು. ಗೊಂಚಲಿಗೆ ಮೂರು ಎಲೆ, ನಡುವಿನದಕ್ಕೆ ಸ್ವಲ್ಪ ಉದ್ದದ ತೊಟ್ಟು, ಅಂಚು ಓಕ್ ಎಲೆಯಂತೆ ಅಲೆ ಅಲೆ. ವಸಂತದಲ್ಲಿ ಹೊಳೆಯುವ ಹಸಿರು, ಬೇಸಿಗೆಯ ಕೊನೆಗೆ ಚಂದದ ಕೆಂಪು. ಮಕ್ಕಳು ಆ ಕೆಂಪೆಲೆಯನ್ನೇ ಕೀಳಲು ಹೋಗುತ್ತಾರೆ. ಪಕ್ಕದಲ್ಲೇ ಬೆಳೆದಿರುವ ಬ್ಲ್ಯಾಕ್‌ಬೆರಿಗೂ ಎಷ್ಟೋ ಕಡೆ ಮೂರೆಲೆ ಇರುತ್ತದೆ, ಆದರೆ ಅದಕ್ಕೆ ಮುಳ್ಳಿದೆ, ಇದಕ್ಕಿಲ್ಲ. ಚಳಿಗಾಲದಲ್ಲಿ ಎಲೆ ಉದುರಿ ಬರೀ ಕಡ್ಡಿಯಾಗಿ ನಿಂತಾಗಲೂ ಆ ಕಡ್ಡಿಯಲ್ಲಿ ಎಣ್ಣೆ ಇದ್ದೇ ಇರುತ್ತದೆ.

ಇನ್ನು ನೀನು ಕೇಳಿದ್ದು, ಶನಿವಾರ ಹೋಗಬಹುದೇ ಎಂದು. ಧಾರಾಳವಾಗಿ ಹೋಗು. ಒಂದು, ಎರಡು, ಮೂರು ಬಯಲು ಹುಲ್ಲಿನಲ್ಲಿವೆ, ಅವನ್ನು ಆಡಿ. ನಾಲ್ಕು, ಐದು, ಆರನ್ನು ಬಿಟ್ಟು, ನೀರಿನ ನಲ್ಲಿಯ ಪಕ್ಕದ ಕಾಲುದಾರಿಯಲ್ಲಿ ಏಳಕ್ಕೆ ಹೋದರೆ ಅಲ್ಲಿಂದ ಒಂಬತ್ತರವರೆಗೆ ಮತ್ತೆ ಬಯಲೇ. ಮಕ್ಕಳಿಗೆ ಆರು ಹೋಲ್ ಸಾಕು, ಬೇಕೆಂದರೆ ಅವನ್ನೇ ಇನ್ನೊಂದು ಸುತ್ತು ಆಡಲಿ. ಬೆಳಿಗ್ಗೆ ಒಂಬತ್ತರೊಳಗೆ ಬಂದರೆ ಜನ ಕಡಿಮೆ. ಹಿಂದಿನಿಂದ ಬೇಗ ಆಡುವವರು ಬಂದರೆ ಅವರನ್ನು ಮುಂದೆ ಬಿಟ್ಟು ನೀವು ನಿಧಾನವಾಗಿ ಆಡಿ. ಡಿಸ್ಕು ಕೊಳ್ಳುವಾಗ ಅದರ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲನೆಯದನ್ನು ನೋಡು: ಅದು ವೇಗದ ಅಂಕಿ, ಮಕ್ಕಳಿಗೆ ಐದಕ್ಕಿಂತ ಹೆಚ್ಚಿನದು ಬೇಡ. ತೂಕ 150 ಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿರಲಿ. ಹತ್ತಿರದ ಎಸೆತಕ್ಕೆ ಒಂದು ಪಟರ್, ಮಧ್ಯಮ ದೂರಕ್ಕೆ ಒಂದು ಮಿಡ್‌ರೇಂಜ್ ಇದ್ದರೆ ಸಾಕು, ಡ್ರೈವರ್ ತೆಗೆದುಕೊಳ್ಳಲೇಬೇಡ. ಉದ್ದನೆಯ ಪ್ಯಾಂಟ್, ಕಾಲುಚೀಲ ಹಾಕಿಸು. ಪಾತ್ರೆ ತೊಳೆಯುವ ಸೋಪಿನ ಚಿಕ್ಕ ಬಾಟಲಿ ಮತ್ತು ಎರಡು ಬಾಟಲಿ ತಣ್ಣೀರು ಕಾರಿನಲ್ಲಿರಲಿ. ಎಲೆ ತಾಗಿತೆಂದು ಅನುಮಾನ ಬಂದರೆ ತಕ್ಷಣ ಸೋಪು ಹಚ್ಚಿ ಚೆನ್ನಾಗಿ ಉಜ್ಜಿ ತೊಳೆಯಬೇಕು, ತಡವಾದಷ್ಟೂ ಅದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮನೆಗೆ ಬಂದ ಮೇಲೆ ಡಿಸ್ಕುಗಳನ್ನೂ ಹಾಗೆಯೇ ತೊಳೆ, ಬಟ್ಟೆಗಳನ್ನು ಬೇರೆಯಾಗಿ ಮೆಷಿನ್ನಿಗೆ ಹಾಕು. ಡಿಸ್ಕಿನ ಕೆಳಭಾಗದಲ್ಲಿ ಮಾರ್ಕರ್‌ನಿಂದ ನಿನ್ನ ಫೋನ್ ನಂಬರ್ ಬರೆದಿಡು, ಈ ಆಟದವರು ಸಿಕ್ಕಿದ ಡಿಸ್ಕನ್ನು ಕರೆಮಾಡಿ ಹಿಂದಿರುಗಿಸುತ್ತಾರೆ. ನೀವು ಎಷ್ಟು ಗಂಟೆಗೆ ಹೊರಡುತ್ತೀರೆಂದು ಶುಕ್ರವಾರ ರಾತ್ರಿಯೊಳಗೆ ತಿಳಿಸು, ದೊಡ್ಡಪ್ಪನೂ ನಾನೂ ಒಂದನೆಯ ಟೀ ಹತ್ತಿರ ಇರುತ್ತೇವೆ.