ಸ್ಕೈಡೈವಿಂಗ್ ಹೆಲ್ಮೆಟ್‌ಗೆ ಕ್ವಿಕ್ ರಿಲೀಸ್ ಕ್ಯಾಮೆರಾ ಮೌಂಟ್: ಯಾವ ಬಗೆಯದನ್ನು ಆರಿಸಬೇಕು?

ನೀಲಿಮುಗಿಲು (ಪ್ರಶ್ನೆ)

ನಮಸ್ಕಾರ. ಇನ್ನೂರು ಜಿಗಿತಗಳ ಮಿತಿ ದಾಟಿ ಸಿ ಲೈಸೆನ್ಸ್ (ಸ್ಕೈಡೈವಿಂಗ್‌ನ ಎ, ಬಿ, ಸಿ, ಡಿ ಶ್ರೇಣಿಗಳಲ್ಲಿ ಮೂರನೆಯದು) ಪಡೆದಿದ್ದೇನೆ. ಇನ್ನು ಮುಂದೆ ಕ್ಯಾಮೆರಾ ಇಟ್ಟುಕೊಂಡು ಜಿಗಿಯಬಹುದೆಂದು ತರಬೇತುದಾರರೂ ಒಪ್ಪಿದ್ದಾರೆ. ನನ್ನದು ಮುಖವನ್ನು ಪೂರ್ತಿ ಮುಚ್ಚುವ, ಮುಂದಿನ ಗಾಜನ್ನು ಮೇಲಕ್ಕೆತ್ತಬಹುದಾದ ಹೆಲ್ಮೆಟ್. ಕ್ಯಾಮೆರಾ ಗೋಪ್ರೊ ಹೀರೋ 13 ಬ್ಲ್ಯಾಕ್. ಒಂದು ಜಿಗಿತ ಮುಗಿಸಿ ಮತ್ತೆ ವಿಮಾನ ಹತ್ತುವುದರೊಳಗೆ ಬ್ಯಾಟರಿ ಬದಲಿಸಿ, ದೃಶ್ಯಗಳನ್ನು ಇಳಿಸಿಕೊಂಡು, ಕ್ಯಾಮೆರಾವನ್ನು ಮೊದಲಿನ ಕೋನದಲ್ಲೇ ಕೂರಿಸುವುದು ಸುಲಭವಾಗಬೇಕೆಂಬ ಕಾರಣಕ್ಕೆ ಕ್ವಿಕ್ ರಿಲೀಸ್ ಮೌಂಟ್ ಹುಡುಕುತ್ತಿದ್ದೇನೆ.

ನೋಡಿದವುಗಳಲ್ಲಿ ನಾಲ್ಕು ಬಗೆಗಳು ಪಟ್ಟಿಯಲ್ಲಿ ಉಳಿದಿವೆ. ಅಂಟಿಸಿದ ತಳಪಟ್ಟಿಗೆ ಎರಡು ಕವಲಿನ ಬಕಲನ್ನು ಜಾರಿಸಿ ಸಿಕ್ಕಿಸುವ ಮಾಮೂಲಿ ವ್ಯವಸ್ಥೆ ಒಂದು. ಅಲ್ಯೂಮಿನಿಯಂ ಹಳಿಯ ಮೇಲೆ ಜಾರಿ ಸ್ಪ್ರಿಂಗ್ ಪಿನ್ನಿನಿಂದ ಬೀಗ ಬೀಳುವ ತಟ್ಟೆ ಇನ್ನೊಂದು. ಹೀರೋ 13ರೊಂದಿಗೆ 2024ರಲ್ಲಿ ಬಂದ ಮ್ಯಾಗ್ನೆಟಿಕ್ ಲ್ಯಾಚ್ ಮೂರನೆಯದು. ಗೆಳೆಯರೊಬ್ಬರು 3ಡಿ ಪ್ರಿಂಟರಿನಲ್ಲಿ ಮಾಡಿಕೊಡುತ್ತೇನೆಂದಿರುವ, ಕಾಲು ಸುತ್ತು ತಿರುಗಿಸಿದರೆ ಕೂರುವ ಮೌಂಟ್ ಕೊನೆಯದು. ಲೈನುಗಳು (ಪ್ಯಾರಾಶೂಟಿನ ಹಗ್ಗಗಳು) ಸಿಕ್ಕಿಕೊಂಡರೆ ಗಾಳಿಯಲ್ಲೇ ಕ್ಯಾಮೆರಾ ಕಳಚಿಹಾಕಲು ಕ್ವಿಕ್ ರಿಲೀಸ್ ನೆರವಾಗುತ್ತದೆಂದು ಕೆಲವರು ಹೇಳುತ್ತಾರೆ. ಅದೇ ಕಾರಣಕ್ಕೆ ಅದು ಬೇಡವೆನ್ನುವವರೂ ಇದ್ದಾರೆ. ಯಾವ ಲೆಕ್ಕದಲ್ಲಿ ಆರಿಸುವುದು ಸರಿ? ಜೊತೆಗೆ, ಕಳಚಿದರೂ ಬಿದ್ದುಹೋಗದಂತೆ ಕ್ಯಾಮೆರಾಕ್ಕೆ ಕಾವಲು ದಾರ (ಟೆದರ್) ಕಟ್ಟಬೇಕೇ?

ಓರೆಗಾಳಿ

ನೀವು ಮೌಂಟಿನಿಂದ ಬಯಸುತ್ತಿರುವುದು ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸಗಳನ್ನು. ನೆಲದ ಮೇಲೆ ಬೆರಳ ತುದಿಯಲ್ಲಿ ಕಳಚಿಕೊಳ್ಳಬೇಕೆಂಬುದು ಅನುಕೂಲದ ಮಾತು. ಗಾಳಿಯಲ್ಲಿ ಲೈನು ಸಿಕ್ಕಿಕೊಂಡಾಗ ಕ್ಯಾಮೆರಾ ಬಿಟ್ಟುಹೋಗಬೇಕೆಂಬುದು ಪ್ರಾಣದ ಮಾತು. ಇವೆರಡನ್ನೂ ಒಂದೇ ಪಿನ್ನಿನ ಮೇಲೆ ಹೇರಿದರೆ ಅದು ಎರಡನ್ನೂ ಅರೆಬರೆಯಾಗಿ ಮಾಡುತ್ತದೆ. ತುರ್ತು ಬಿಡುಗಡೆಯನ್ನು ಹೆಲ್ಮೆಟ್ಟಿನ ಗಲ್ಲಪಟ್ಟಿಗೆ ಒಪ್ಪಿಸಿ, ಮೌಂಟನ್ನು ನೆಲದ ಅನುಕೂಲಕ್ಕೆ ಮಾತ್ರ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ.

ಕಾರಣ ಹೇಳುತ್ತೇನೆ. ಲೈನೊಂದು ಕ್ಯಾಮೆರಾಕ್ಕೆ ಸುತ್ತಿಕೊಂಡು ಮೇಲಕ್ಕೆಳೆಯುತ್ತಿರುವಾಗ, ಕಣ್ಣಿಗೆ ಕಾಣದ ನೆತ್ತಿಯ ಮೇಲೆ, ಕೈಗವಸು ಹಾಕಿದ ಬೆರಳುಗಳಿಂದ ಸಣ್ಣ ಪಿನ್ನನ್ನು ಹುಡುಕಬೇಕಾಗುತ್ತದೆ. ಹುಡುಕಿದರೂ, ಅಡ್ಡಡ್ಡ ಭಾರ ಬಿದ್ದ ಪಿನ್ನು ತನ್ನ ತೂತಿನಲ್ಲೇ ಬಿಗಿದು ಕೂತಿರುತ್ತದೆ. ಗಲ್ಲಪಟ್ಟಿಯನ್ನು ಒಂದೇ ಎಳೆತಕ್ಕೆ ಬಿಡಿಸುವ, ಗಲ್ಲದ ಬಳಿಯ ಕಟ್‌ಅವೇ ಹಿಡಿಕೆಯಾದರೆ ಎಂದಿಗೂ ಒಂದೇ ಜಾಗದಲ್ಲಿರುತ್ತದೆ. ಎಡಗೈಗಾಗಲಿ ಬಲಗೈಗಾಗಲಿ ಸಿಗುತ್ತದೆ. ಎಳೆದರೆ ಕ್ಯಾಮೆರಾ ಸಮೇತ ಹೆಲ್ಮೆಟ್ಟೇ ತಲೆಯಿಂದ ಕಳಚುತ್ತದೆ. ಆದ್ದರಿಂದ ಮೌಂಟ್ ಕೊಳ್ಳುವ ಮೊದಲು, ನಿಮ್ಮ ಹೆಲ್ಮೆಟ್ಟಿಗೆ ಅಂಥ ಒಂದು ಕೈಯ ಬಿಡುಗಡೆ ಇದೆಯೇ, ಇಲ್ಲದಿದ್ದರೆ ಅದರ ತಯಾರಕರೇ ಕೊಡುವ ಜೋಡಣೆ ಸಿಗುತ್ತದೆಯೇ ಎಂಬುದನ್ನು ನೋಡಿ. ಪೂರ್ತಿ ಮುಖ ಮುಚ್ಚುವ ಕೆಲವು ಹೆಲ್ಮೆಟ್‌ಗಳು ಗಲ್ಲಪಟ್ಟಿ ಬಿಚ್ಚಿದರೂ ಕಿವಿಯ ಬಳಿ ಬಿಗಿಯಾಗಿ ಹಿಡಿದಿರುತ್ತವೆ. ಅಂಥದ್ದರಲ್ಲಿ ಕ್ಯಾಮೆರಾ ಕಟ್ಟಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ಮೌಂಟು ತಡೆಯಬೇಕಾದ ಬಲವೆಷ್ಟು? ಹೊಟ್ಟೆ ಕೆಳಗಾಗಿ ಬೀಳುವಾಗ ವೇಗ ಗಂಟೆಗೆ ಸುಮಾರು 200 ಕಿ.ಮೀ. ಇರುತ್ತದೆ. ನಿಮ್ಮ ಕ್ಯಾಮೆರಾದ ಮುಖದ ವಿಸ್ತೀರ್ಣ ಸುಮಾರು 36 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಆ ವೇಗದಲ್ಲಿ ಗಾಳಿ ಅದನ್ನು ಮುಕ್ಕಾಲು ಕಿಲೋ ತೂಕಕ್ಕೆ ಹತ್ತಿರದ ಬಲದಿಂದ ತಳ್ಳುತ್ತದೆ. ಬಲವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ತಲೆಕೆಳಗಾಗಿ 260 ಕಿ.ಮೀ. ವೇಗದಲ್ಲಿ ಬೀಳುವವರಿಗೆ ಅದು ಒಂದು ಕಿಲೋವನ್ನು ದಾಟುತ್ತದೆ. ಪ್ಯಾರಾಶೂಟ್ ತೆರೆಯುವಾಗಿನ ಎಳೆತ ಸಾಮಾನ್ಯವಾಗಿ ಗುರುತ್ವದ ಮೂರು ನಾಲ್ಕು ಪಟ್ಟು; ಒರಟಾಗಿ ತೆರೆದರೆ ಹತ್ತು ಪಟ್ಟನ್ನೂ ಮೀರಬಹುದು. 159 ಗ್ರಾಮಿನ ಕ್ಯಾಮೆರಾ ಆಗ ಒಂದೂವರೆ ಕಿಲೋಗಿಂತ ಹೆಚ್ಚು ತೂಗುತ್ತದೆ. ಚೆನ್ನಾಗಿ ಮಾಡಿದ ಯಾವ ಲೋಹದ ಹಳಿಗೂ ಇದು ದೊಡ್ಡ ಭಾರವಲ್ಲ. ಆದರೆ ಬಾಗಿಲಿನ ಚೌಕಟ್ಟಿಗೆ ತಗಲುವ, ಜೊತೆಗಾರರ ಮೊಣಕಾಲು ಬಡಿಯುವ ಹೊಡೆತಗಳು ಲೆಕ್ಕಕ್ಕೆ ಸಿಗುವಂಥವಲ್ಲವಾದ್ದರಿಂದ, ತೂಗುವ ಕೈತಕ್ಕಡಿ ಸಿಕ್ಕಿಸಿ ಎಲ್ಲ ದಿಕ್ಕುಗಳಿಗೂ ಹತ್ತು ಕಿಲೋ ಎಳೆದಾಗಲೂ ಅಲುಗಾಡದ ಮೌಂಟು ಇರಲಿ.

ಬಲಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಆಕಾರವನ್ನು. ಮಾಮೂಲಿ ಬಕಲಿನಲ್ಲಿ ಕ್ಯಾಮೆರಾ ಮತ್ತು ತಳಪಟ್ಟಿಯ ನಡುವೆ ಬೆರಳು ತೂರುವಷ್ಟು ಸಂದಿ ಉಳಿಯುತ್ತದೆ, ಪಕ್ಕದಲ್ಲಿ ತಿರುಪಿನ ತಲೆ ಚಾಚಿಕೊಂಡಿರುತ್ತದೆ. ಲೈನಿಗೆ ಇವೆರಡೂ ಕೊಕ್ಕೆಗಳೇ. ಅಲೆಗಳ ಮೇಲೆ ಅದು ಒಳ್ಳೆಯ ವ್ಯವಸ್ಥೆ, ಲೈನುಗಳ ಕೆಳಗೆ ಅಲ್ಲ. ಕ್ಯಾಮೆರಾ ಇಲ್ಲದ ಹೊತ್ತಿನಲ್ಲಿ ತಳಪಟ್ಟಿ ಹೇಗಿರುತ್ತದೆ ಎಂಬುದನ್ನು ಬಹಳ ಮಂದಿ ನೋಡುವುದೇ ಇಲ್ಲ. ಬಾಯಿ ತೆರೆದ ಖಾಲಿ ಹಳಿಯೂ ಲೈನನ್ನು ಹಿಡಿಯಬಲ್ಲದಾದ್ದರಿಂದ, ಖಾಲಿ ಹಳಿಗೆ ಮುಚ್ಚಳ ಸಿಗುವ ಮೌಂಟನ್ನೇ ಕೊಳ್ಳಿ.

ತಿರುಪುಮೊಳೆ

ಓರೆಗಾಳಿಯವರು ಹೇಳಿದ್ದಕ್ಕೆ ವಸ್ತುಗಳ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ನನ್ನ ಕಸುಬು ಲೋಹ ಮತ್ತು ಪ್ಲಾಸ್ಟಿಕ್ಕಿನದು.

3ಡಿ ಪ್ರಿಂಟರಿನ ಮೌಂಟು ಪಿಎಲ್‌ಎಯಲ್ಲಿ ಮಾಡಿದ್ದಾದರೆ ಬೇಡವೆಂದೇ ಹೇಳುತ್ತೇನೆ. ಆ ಪ್ಲಾಸ್ಟಿಕ್ಕು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಮುಚ್ಚಿದ ಕಾರಿನೊಳಗೆ ಹೆಲ್ಮೆಟ್ ಬಿಟ್ಟರೆ ಹಲ್ಲುಗಳ ಆಕಾರ ಕೆಡಲು ಅಷ್ಟು ಸಾಕು. ಎಎಸ್‌ಎ, ನೈಲಾನ್ ಮುಂತಾದವು ಶಾಖವನ್ನು ತಾಳುತ್ತವೆ, ಆದರೆ ಪದರದ ಮೇಲೆ ಪದರವಾಗಿ ಕಟ್ಟಿದ ಯಾವ ವಸ್ತುವೂ ಪದರಗಳು ಸೇರುವ ಕಡೆಯಲ್ಲೇ ದುರ್ಬಲ. ಕಾಲು ಸುತ್ತಿನ ಬೀಗದಲ್ಲಿ ಭಾರವೆಲ್ಲ ಬೀಳುವುದು ಎರಡು ಮೂರು ಸಣ್ಣ ಹಲ್ಲುಗಳ ಬುಡಕ್ಕೆ. ಪದರಗಳು ಅಲ್ಲಿ ಅಡ್ಡಲಾಗಿ ಬಂದಿದ್ದರೆ ಹಲ್ಲು ಮುನ್ಸೂಚನೆಯಿಲ್ಲದೆ ಮುರಿಯುತ್ತದೆ. ಪ್ರಿಂಟ್ ಮಾಡಿದ್ದನ್ನು ಸಂದಿ ತುಂಬುವ ಬೆಣೆಯಾಗಿಯೋ ಗಾಳಿ ಜಾರಿಸುವ ಹೊದಿಕೆಯಾಗಿಯೋ ಧಾರಾಳವಾಗಿ ಬಳಸಿ. ಭಾರ ಹೊರುವ ಭಾಗವಾಗಿ ಬೇಡ.

ಮ್ಯಾಗ್ನೆಟಿಕ್ ಲ್ಯಾಚ್ ಬರಿಯ ಅಯಸ್ಕಾಂತವಲ್ಲ. ಅದಕ್ಕೆ ಯಾಂತ್ರಿಕ ಕೊಂಡಿಗಳೂ ಇವೆ, ಆದ್ದರಿಂದ ಗಾಳಿಗೆ ಕಿತ್ತುಹೋಗುತ್ತದೆಂಬ ಭಯ ನನಗಿಲ್ಲ. ನನ್ನ ಆಕ್ಷೇಪ ಬೇರೆ. ಆ ಕೊಂಡಿಗಳು ಹೊರಗೆ ಚಾಚಿರುತ್ತವೆ, ಮೌಂಟಿನಿಂದ ಕ್ಯಾಮೆರಾ ಇನ್ನಷ್ಟು ಎತ್ತರಕ್ಕೆ ಹೋಗುತ್ತದೆ, ಬಾಲ್ ಜಾಯಿಂಟ್ ಇರುವ ಮಾದರಿಯಲ್ಲಿ ತೆರೆಯುವಿಕೆಯ ಎಳೆತಕ್ಕೆ ಕೋನ ಜಾರುವ ಸಾಧ್ಯತೆಯೂ ಇರುತ್ತದೆ. ಎತ್ತರ ಹೆಚ್ಚಿದಷ್ಟೂ ಅದೇ ಬಲ ಕತ್ತಿನ ಮೇಲೆ ಹೆಚ್ಚು ತಿರುಚನ್ನು ತರುತ್ತದೆ.

ಅಲ್ಯೂಮಿನಿಯಂ ಹಳಿಯೇ ನನ್ನ ಆಯ್ಕೆ. ಅದನ್ನು ಹೆಲ್ಮೆಟ್ಟಿಗೆ ಹೇಗೆ ಕೂರಿಸುತ್ತೀರಿ ಎಂಬುದರ ಮೇಲೆ ಉಳಿದದ್ದು ನಿಂತಿದೆ. ವಿಎಚ್‌ಬಿ ಬಗೆಯ ಎರಡು ಬದಿಯ ಅಂಟುಪಟ್ಟಿ ಪೂರ್ಣ ಹಿಡಿತ ಪಡೆಯಲು ಕೋಣೆಯ ಉಷ್ಣತೆಯಲ್ಲಿ 72 ಗಂಟೆ ಬೇಕು. ಹಿಂದಿನ ರಾತ್ರಿ ಅಂಟಿಸಿ ಬೆಳಿಗ್ಗೆ ಜಿಗಿಯುವುದು ಸರಿಯಲ್ಲ. ಮೇಲ್ಮೈಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ತಳಪಟ್ಟಿಯ ಬಾಗು ಹೆಲ್ಮೆಟ್ಟಿನ ಬಾಗಿಗೆ ಹೊಂದುತ್ತದೆಯೇ ನೋಡಿ. ಚಪ್ಪಟೆ ಪಟ್ಟಿಯನ್ನು ಉಬ್ಬಿದ ಮೈಗೆ ಒತ್ತಿ ಅಂಟಿಸಿದರೆ ಅಂಚುಗಳು ಬಿಟ್ಟುಕೊಳ್ಳಲು ಸದಾ ಎಳೆಯುತ್ತಲೇ ಇರುತ್ತವೆ. 4,000 ಮೀಟರ್ ಎತ್ತರದಲ್ಲಿ ನೆಲಕ್ಕಿಂತ ಸುಮಾರು 26 ಡಿಗ್ರಿ ಹೆಚ್ಚು ಚಳಿ ಇರುತ್ತದೆಂಬುದನ್ನೂ, ಚಳಿಗೆ ಅಂಟು ಗಡುಸಾಗಿ ಹೊಡೆತವನ್ನು ಹೀರುವ ಗುಣ ಕಳೆದುಕೊಳ್ಳುತ್ತದೆಂಬುದನ್ನೂ ಮರೆಯಬೇಡಿ.

ಬೋಲ್ಟ್ ಹಾಕುವುದಾದರೆ ತೂತು ಕೊರೆಯಲು ಹೆಲ್ಮೆಟ್ ತಯಾರಕರ ಒಪ್ಪಿಗೆ ಇರಲಿ. ಎಕ್ಸ್‌ಪಿ ಎಸ್ 72-600ನಂಥ ಸ್ಕೈಡೈವಿಂಗ್ ಹೆಲ್ಮೆಟ್ ಮಾನದಂಡಕ್ಕೆ ಪರೀಕ್ಷೆಯಾದ ಕವಚವನ್ನು ಮನಬಂದಂತೆ ಕೊರೆದರೆ ಆ ಪರೀಕ್ಷೆಗೆ ಅರ್ಥ ಉಳಿಯುವುದಿಲ್ಲ. ಒಳಕ್ಕೆ ಚಾಚಿದ ಬೋಲ್ಟಿನ ತುದಿ ಪೆಟ್ಟು ಬಿದ್ದಾಗ ತಲೆಬುರುಡೆಯ ಕಡೆಗೇ ಮುಖ ಮಾಡಿರುತ್ತದೆ. ತಿರುಪು ಸಡಿಲವಾಗದಂತೆ ಹಾಕುವ ಥ್ರೆಡ್‌ಲಾಕರ್ ದ್ರವದ ಬಗ್ಗೆ ಎಚ್ಚರ: ಲೋಹಕ್ಕೆ ಲೋಹ ಸೇರುವಲ್ಲಿ ಅದು ಒಳ್ಳೆಯದೇ, ಆದರೆ ಪಾಲಿಕಾರ್ಬೊನೇಟ್ ಮತ್ತು ಎಬಿಎಸ್‌ಗೆ ತಾಗಿದರೆ ಕೂದಲೆಳೆಯ ಬಿರುಕುಗಳನ್ನು ಹುಟ್ಟಿಸಬಲ್ಲದು. ಪ್ಲಾಸ್ಟಿಕ್ ಇರುವ ಕಡೆ ನೈಲಾನ್ ಒಳಪಟ್ಟಿಯ ನಟ್ಟು ಬಳಸಿ.

ಹಗ್ಗಗಂಟು

ಮೌಂಟಿಗೆ ತುರ್ತು ಕೆಲಸವೇ ಬೇಡವೆಂಬ ಓರೆಗಾಳಿಯವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಗೊತ್ತಾದ ಬಲಕ್ಕೆ ತಾನಾಗಿ ಮುರಿದು ಬಿಟ್ಟುಕೊಳ್ಳುವ ಮೌಂಟುಗಳ ಹಿಂದೆ ತರ್ಕವಿದೆ. ಗಾಳಿ ಮತ್ತು ತೆರೆಯುವಿಕೆಯ ಬಲ ಒಂದೆರಡು ಕಿಲೋದಷ್ಟಾದರೆ, ಪೂರ್ಣ ವೇಗದಲ್ಲಿ ಗಾಳಿ ತುಂಬಿದ ಪೈಲಟ್ ಚೂಟ್ (ಮುಖ್ಯ ಪ್ಯಾರಾಶೂಟನ್ನು ಹೊರಕ್ಕೆಳೆಯುವ ಪುಟ್ಟ ಪ್ಯಾರಾಶೂಟ್) ಎಳೆಯುವುದು ಹತ್ತಾರು ಕಿಲೋ ಬಲದಿಂದ. ಇವೆರಡರ ನಡುವೆ ಸಾಕಷ್ಟು ಅಂತರವಿರುವುದರಿಂದ, ಆ ಅಂತರದಲ್ಲಿ ಮುರಿಯುವ ಮೌಂಟು ಕೈ ಹಾಕುವ ಮೊದಲೇ ಕತ್ತನ್ನು ಉಳಿಸಬಲ್ಲದು. ತಲೆಗೆ ಪೆಟ್ಟು ಬಿದ್ದು ಮಂಕಾದವರಿಗೆ ಗಲ್ಲಪಟ್ಟಿಯ ಹಿಡಿಕೆ ನೆನಪಾಗದೆಯೂ ಹೋಗಬಹುದಲ್ಲವೇ?

ಇದರ ದೌರ್ಬಲ್ಯವನ್ನೂ ಹೇಳಬೇಕು. ಒಂದು ದಿಕ್ಕಿಗೆ ಎಳೆದರೆ ಮುರಿಯುವ ಪಿನ್ನು ಇನ್ನೊಂದು ದಿಕ್ಕಿಗೆ ಎಳೆದಾಗ ಮುರಿಯದಿರಬಹುದು, ಲೈನು ಯಾವ ದಿಕ್ಕಿನಿಂದ ಬರುತ್ತದೆಂದು ಹೇಳಿಬರುವುದಿಲ್ಲ. ಹಾಗಾಗಿ ಇದು ಗಲ್ಲದ ಕಟ್‌ಅವೇಗೆ ಜೊತೆಯಾಗಬಹುದು, ಅದರ ಬದಲಿಯಾಗಲಾರದು.

ಕಾವಲು ದಾರದ ಪ್ರಶ್ನೆ ಇಲ್ಲಿಗೇ ಸೇರುತ್ತದೆ. ಮೇಲಿನಿಂದ ಬಿದ್ದ ಕ್ಯಾಮೆರಾ ಕೆಳಗಿರುವವರಿಗೆ ಅಪಾಯವೆಂಬುದು ದಾರ ಕಟ್ಟಲು ನ್ಯಾಯವಾದ ಕಾರಣ. ಆದರೆ ಸಡಿಲವಾಗಿ ತೂಗುವ ದಾರ ಸ್ವತಃ ಒಂದು ಕುಣಿಕೆ. ಗಟ್ಟಿ ದಾರವಾದರೆ ಮುರಿಯುವ ಮೌಂಟಿನ ಉದ್ದೇಶವನ್ನೇ ಕೆಡಿಸುತ್ತದೆ, ಮೇಲಾಗಿ ಕಳಚಿದ ಕ್ಯಾಮೆರಾ ಅದರ ತುದಿಯಲ್ಲಿ ಬೀಸಿ ಮುಖಕ್ಕೇ ಬಡಿಯುತ್ತದೆ. ಬೀಗ ಬೀಳುವ ಹಳಿ ಆರಿಸಿದರೆ ದಾರ ಬೇಡ. ಬೇಕೇ ಬೇಕೆಂದರೆ ಬೆರಳಗಲಕ್ಕಿಂತ ಉದ್ದವಿರಬಾರದು, ಮೌಂಟಿನ ಹೊಟ್ಟೆಯೊಳಗೆ ಹುದುಗಿರಬೇಕು.

ನೀಲಿಮುಗಿಲು

ಮೂವರಿಗೂ ಧನ್ಯವಾದಗಳು. ಬಕಲನ್ನೂ ಪ್ರಿಂಟರಿನದನ್ನೂ ಪಟ್ಟಿಯಿಂದ ತೆಗೆದಿದ್ದೇನೆ. ಹೆಲ್ಮೆಟ್ಟಿಗೆ ತಯಾರಕರದೇ ಕಟ್‌ಅವೇ ಗಲ್ಲಪಟ್ಟಿ ಸಿಗುತ್ತದೆಂದು ಖಚಿತಪಡಿಸಿಕೊಂಡೆ. ಇನ್ನೆರಡು ಸಂದೇಹ: ನೆತ್ತಿ, ಪಕ್ಕ, ಗಲ್ಲದ ಮುಂಭಾಗ ಇವುಗಳಲ್ಲಿ ಜಾಗ ಯಾವುದು? ಲೈನು ಸಿಕ್ಕಿಕೊಳ್ಳುತ್ತದೆಯೇ ಎಂಬುದನ್ನು ನೆಲದ ಮೇಲೆ ಪರೀಕ್ಷಿಸುವುದು ಹೇಗೆ?

ಓರೆಗಾಳಿ

ಜಾಗದ ವಿಷಯದಲ್ಲಿ ಎಲ್ಲರೂ ಒಪ್ಪುವ ಉತ್ತರವಿಲ್ಲ. ನೆತ್ತಿಯ ಮೇಲೆ ತೂಕ ಕತ್ತಿನ ನೇರಕ್ಕೆ ಬೀಳುತ್ತದೆ, ಒಂದು ಬದಿಗೆ ವಾಲುವುದಿಲ್ಲ. ಆದರೆ ಲೈನುಗಳಿಗೆ ಅತಿ ಹತ್ತಿರದ ಜಾಗವೂ ಅದೇ. ಪಕ್ಕದಲ್ಲಿಟ್ಟರೆ ತೆರೆಯುವಾಗ ರೈಸರ್‌ಗೆ (ಹಾರ್ನೆಸ್ಸನ್ನು ಲೈನುಗಳಿಗೆ ಸೇರಿಸುವ ಪಟ್ಟಿ) ತಗಲುವ ಸಾಧ್ಯತೆ ಇದೆ, ಕತ್ತು ಒಂದೇ ಕಡೆಗೆ ಎಳೆಸಿಕೊಳ್ಳುತ್ತದೆ. ಗಲ್ಲದ ಮುಂದೆ ಕ್ಯಾಮೆರಾ ನಿಮ್ಮ ನೋಟದ ದಿಕ್ಕಿಗೇ ಇರುತ್ತದೆ, ಲೈನುಗಳ ದಾರಿಯಿಂದಲೂ ಬಹುಮಟ್ಟಿಗೆ ದೂರ. ಆದರೆ ಎದೆಯ ಮೇಲಿನ ಎರಡು ಹಿಡಿಕೆಗಳನ್ನು, ಅಂದರೆ ಮುಖ್ಯ ಪ್ಯಾರಾಶೂಟನ್ನು ಕಳಚುವ ಕಟ್‌ಅವೇ ಮತ್ತು ಮೀಸಲು ಪ್ಯಾರಾಶೂಟನ್ನು ತೆರೆಯುವ ರಿಸರ್ವ್ ಹಿಡಿಕೆಗಳನ್ನು, ಬಗ್ಗಿ ನೋಡುವಾಗ ಅದು ಅಡ್ಡ ಬರಬಹುದು. ಪೂರ್ತಿ ಸಜ್ಜಾಗಿ ಕನ್ನಡಿಯ ಮುಂದೆ ನಿಂತು ನೋಡಿ: ಹಿಡಿಕೆಗಳೆರಡೂ ಕಣ್ಣಿಗೆ ಬಿದ್ದು, ಗಾಜು ಪೂರ್ತಿ ಮೇಲಕ್ಕೆದ್ದರೆ ಮೊದಲ ಕ್ಯಾಮೆರಾಕ್ಕೆ ಗಲ್ಲವೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಪರೀಕ್ಷೆಗೆ ರಿಗ್ಗರ್ (ಪ್ಯಾರಾಶೂಟ್ ಮಡಚುವ, ದುರಸ್ತಿ ಮಾಡುವ ತಂತ್ರಜ್ಞ) ಒಬ್ಬರಿಂದ ತೆಗೆದುಹಾಕಿದ ಹಳೆಯ ಲೈನಿನ ತುಂಡನ್ನು ಕೇಳಿ ಪಡೆಯಿರಿ. ಮನೆಯ ದಪ್ಪ ಹಗ್ಗ ತೂರದ ಸಂದಿಯಲ್ಲಿ ಅದು ತೂರುತ್ತದೆ. ಹೆಲ್ಮೆಟ್ಟನ್ನು ಇನ್ನೊಬ್ಬರ ಕೈಗೆ ಕೊಟ್ಟು, ಲೈನನ್ನು ಬಿಗಿಯಾಗಿ ಹಿಡಿದು ಮುಂದಿನಿಂದ ಹಿಂದಕ್ಕೆ, ಬದಿಯಿಂದ ಬದಿಗೆ, ಕೆಳಗಿನಿಂದ ಮೇಲಕ್ಕೆ ಮೈಮೇಲೆಲ್ಲ ಎಳೆಯಿರಿ. ಮೊದಲು ಕ್ಯಾಮೆರಾ ಸಮೇತ, ಆಮೇಲೆ ಖಾಲಿ ಹಳಿಯಲ್ಲಿ. ಎಲ್ಲಿ ತಡೆಯುತ್ತದೋ ಅಲ್ಲಿ ಎಪಾಕ್ಸಿ ತುಂಬಿ ಓರೆಯಾಗಿ ಉಜ್ಜಿ ನಯ ಮಾಡಿ, ಮತ್ತೆ ಎಳೆಯಿರಿ.

ಗಲ್ಲಪಟ್ಟಿಯ ಅಭ್ಯಾಸವನ್ನು ತೂಗುವ ಹಾರ್ನೆಸ್ಸಿನಲ್ಲಿ ಎರಡೂ ಕೈಗಳಿಂದ, ಕೈಗವಸು ಹಾಕಿಕೊಂಡೇ ಮಾಡಿ. ಬಿ ಲೈಸೆನ್ಸಿನಿಂದ ಮೇಲಿನವರು ಅಪಾಯದ ಸ್ಥಿತಿಯಲ್ಲಿ 1,800 ಅಡಿ ಎತ್ತರಕ್ಕೆ ಇಳಿಯುವುದರೊಳಗೆ ನಿರ್ಧರಿಸಿ ಕ್ರಮ ಕೈಗೊಳ್ಳಬೇಕೆಂಬುದು ಅಮೆರಿಕದ ಪ್ಯಾರಾಶೂಟ್ ಸಂಘ ಯುಎಸ್‌ಪಿಎಯ ಶಿಫಾರಸು. ವೇಗ ತಗ್ಗದೆ ಬೀಳುತ್ತಿದ್ದರೆ ಸಾವಿರ ಅಡಿ ಕಳೆಯಲು ಐದೂವರೆ ಸೆಕೆಂಡು ಸಾಕು. ಹೆಲ್ಮೆಟ್ ಬಿಡಿಸಿಕೊಳ್ಳುವ ಹೊತ್ತು ಆ ಲೆಕ್ಕದೊಳಗೇ ಬರಬೇಕು.

ತಿರುಪುಮೊಳೆ

ಕೊಳ್ಳುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಹೀರೋ 13ರಲ್ಲಿ ಬ್ಯಾಟರಿ ಮತ್ತು ಕಾರ್ಡ್ ಎರಡೂ ಪಕ್ಕದ ಒಂದೇ ಬಾಗಿಲಿನ ಹಿಂದೆ ಇವೆ. ಕ್ಯಾಮೆರಾ ಹೆಲ್ಮೆಟ್ಟಿನ ಮೇಲಿರುವಾಗಲೇ ಆ ಬಾಗಿಲು ಪೂರ್ತಿ ತೆರೆಯುವಂತೆ ಬಿಡುವ ಸ್ಥಿರ ಮೌಂಟು ಸಿಕ್ಕರೆ ನಿಮಗೆ ಕ್ವಿಕ್ ರಿಲೀಸೇ ಬೇಕಾಗುವುದಿಲ್ಲ. ಕೋನ ಎಂದೂ ಬದಲಾಗದು, ಪಿನ್ನು ಸವೆಯುವ ಚಿಂತೆಯಿಲ್ಲ, ಎತ್ತರವೂ ಕೆಲವು ಮಿಲಿಮೀಟರ್ ಕಡಿಮೆ. ಹಳಿಯನ್ನೇ ಕೊಳ್ಳುವುದಾದರೆ ಪಿನ್ನು ಪೂರ್ತಿ ಕೂತಾಗ ಬೆರಳಿಗೆ ಗೊತ್ತಾಗುವಂಥದನ್ನು ಆರಿಸಿ, ಮತ್ತು ವಿಮಾನದ ಬಾಗಿಲು ತೆರೆಯುವ ಮೊದಲು ಜೊತೆಗಾರರು ಮಾಡುವ ಪ್ಯಾರಾಶೂಟ್ ಚೀಲದ ಪಿನ್ ತಪಾಸಣೆಯಲ್ಲಿ ಮೌಂಟಿನ ಪಿನ್ನನ್ನೂ ಮುಟ್ಟಿ ನೋಡಲು ಹೇಳಿ.