ದೊಡ್ಡಪ್ಪ ಕಳಿಸಿದ ನೀಲಗಿರಿ ಎಣ್ಣೆಯ ವಿಡಿಯೊ

ದೊಡ್ಡಪ್ಪ (ಜಯನಗರ): ಈ ವಿಡಿಯೊ ಎಲ್ಲರೂ ನೋಡಿ. ಲೀಟರ್ ನೀರಿಗೆ 20 ಮಿಲಿ ನೀಲಗಿರಿ ಎಣ್ಣೆ, ಒಂದೇ ಸಿಂಪಡಣೆ, ಗಿಡದ ರಸ ಹೀರುವ ಜೇಡ ನುಸಿ ನಿರ್ನಾಮ. ವಿಷವಿಲ್ಲ, ಖರ್ಚೂ ಇಲ್ಲ.

ಅತ್ತೆ (ಮಲ್ಲೇಶ್ವರ): ಒಳ್ಳೆಯದಾಯಿತು ಅಣ್ಣ. ತಾರಸಿಯ ಬದನೆ ಎಲೆಗಳ ಮೇಲೆಲ್ಲ ಬಿಳಿ ಚುಕ್ಕೆ, ಅಡಿಯಲ್ಲಿ ಬಲೆ. ಸಂಜೆಯೇ ಹೊಡೆಯುತ್ತೇನೆ.

ನಾನು: ಅತ್ತೆ, ಆ ಅಳತೆಯಲ್ಲಿ ಬೇಡ. ಶೇ 2ರಷ್ಟು ಎಣ್ಣೆಗೆ ಎಳೆಯ ಎಲೆ ಸುಟ್ಟುಹೋಗಬಹುದು. ಸೋಪಿನ ದ್ರಾವಣ ಸೇರಿಸದೆ ಅದು ನೀರಿನಲ್ಲಿ ಬೆರೆಯುವುದೂ ಇಲ್ಲ.

ದೊಡ್ಡಪ್ಪ: ಗಿಡದಿಂದ ಬಂದದ್ದು ಗಿಡಕ್ಕೆ ಏನು ಮಾಡೀತು? ಕೃಷಿ ಓದಿದವರಿಗೆ ಅಂಗಡಿಯ ಡಬ್ಬಿಯ ಮೇಲೆಯೇ ನಂಬಿಕೆ.

ನಾನು: ಇಲ್ಲ ದೊಡ್ಡಪ್ಪ, ಎಣ್ಣೆಯ ಮೇಲೆ ನಂಬಿಕೆ ಇರುವುದಕ್ಕೇ ಹೇಳುತ್ತಿದ್ದೇನೆ. ಅಳತೆ ತಪ್ಪಿ ಗಿಡ ಸುಟ್ಟರೆ ಜನ ಎಣ್ಣೆಯನ್ನೇ ದೂರುತ್ತಾರೆ. ಹಸಿರುಮನೆಯ ಟೊಮೆಟೊ ಮೇಲೆ ಇಂಥದ್ದೇ ಇನ್ನೊಂದು ಗಿಡದೆಣ್ಣೆಯಾದ ರೋಸ್‌ಮೇರಿ ಎಣ್ಣೆಯ ಔಷಧಿಯನ್ನು ಪರೀಕ್ಷಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಒಂದು ಸಿಂಪಡಣೆಗೆ ಜೇಡ ನುಸಿ ಶೇ 52ರಷ್ಟು ಇಳಿದಿತ್ತು. ಒಂದೆರಡು ದಿನಗಳಲ್ಲಿ ಎಣ್ಣೆಯ ಪ್ರಭಾವವೂ ಹೋಗಿತ್ತು. ನಿರ್ನಾಮ ಎಲ್ಲಿ ಬಂತು?

ಚಿಕ್ಕಪ್ಪ (ದೊಡ್ಡಬಳ್ಳಾಪುರ): ಅರ್ಧ ಉಳಿದರೆ ನನ್ನ ಪಾಲಿಹೌಸಿನ ಗುಲಾಬಿ ಮುಗಿದಂತೆಯೇ. ಮಾರ್ಚ್ ಬಿಸಿಲಿಗೆ ಹತ್ತು ದಿನದೊಳಗೆ ಹೊಸ ತಲೆಮಾರು ಎದ್ದಿರುತ್ತದೆ. ಎಲೆ ಮಂಕಾದ ಹೂವಿಗೆ ದರವಿಲ್ಲ. ನಾನು ನುಸಿನಾಶಕವನ್ನೇ ಹೊಡೆಯುವುದು.

ನಾನು: ಅದೇ ಅಧ್ಯಯನದ ಇನ್ನೊಂದು ಭಾಗ ಕೇಳಿ ಚಿಕ್ಕಪ್ಪ. ಜೇಡ ನುಸಿಯನ್ನು ತಿನ್ನುವ ಪರಭಕ್ಷಕ ನುಸಿ ಆ ಪ್ರಮಾಣದಲ್ಲಿ ಒಂದೂ ಸಾಯಲಿಲ್ಲ, ಅದರ ಮೊಟ್ಟೆಗೂ ತೊಂದರೆಯಾಗಲಿಲ್ಲ. ಉಳಿದರ್ಧವನ್ನು ತಿನ್ನಲು ಅದು ಅಲ್ಲಿಯೇ ಇದೆ. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕ ಹೊಡೆದ ತೋಟದಲ್ಲಿ ಮೊದಲು ಸಾಯುವುದು ಆ ಪರಭಕ್ಷಕವೇ, ಆಮೇಲೆ ಜೇಡ ನುಸಿಗೆ ತಡೆಯೇ ಇಲ್ಲ. ತೊಂಬತ್ತಕ್ಕೂ ಹೆಚ್ಚು ರಾಸಾಯನಿಕಗಳಿಗೆ ಅದು ಈಗಾಗಲೇ ಪ್ರತಿರೋಧ ಬೆಳೆಸಿಕೊಂಡಿದೆ. ಕಳೆದ ವರ್ಷದ ಔಷಧಿ ಈ ವರ್ಷವೂ ಹಿಡಿಯಿತೇ?

ಚಿಕ್ಕಪ್ಪ: ಹಿಡಿಯಲಿಲ್ಲ, ಬದಲಿಸಿದೆ. ಆದರೆ ನಾಲ್ಕೈದು ದಿನಕ್ಕೊಮ್ಮೆ ಎಲೆಯ ಅಡಿಗೆ ಎಣ್ಣೆ ಹೊಡೆಯಲು ಆಳು ಯಾರು ಕೊಡುತ್ತಾರೆ?

ನಾನು: ಕೂಲಿಯ ಮಾತು ನಿಜ. ಇಡೀ ಪಾಲಿಹೌಸಿಗೆ ಬೇಡ, ನುಸಿ ಮೊದಲು ಕಾಣುವ ಸಾಲುಗಳಿಗಷ್ಟೇ ಮಾಡಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನುಸಿಗಳಿಗೆಂದೇ ಅಖಿಲ ಭಾರತ ಮಟ್ಟದ ಸಂಶೋಧನಾ ಯೋಜನೆ ಇದೆ. ಎಲೆ ಒಯ್ದು ತೋರಿಸೋಣ.

ಅತ್ತೆ: ಮೊದಲು ನನ್ನ ಬದನೆಗೆ ದಾರಿ ಹೇಳು ಪುಟ್ಟಿ.

ನಾನು: ಬಲೆ ದಟ್ಟವಾಗಿರುವ ಎಲೆ ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ. ಉಳಿದವಕ್ಕೆ ಅಡಿಯಿಂದ ಪೈಪಿನ ನೀರು ಜೋರಾಗಿ ಬಿಡಿ. ಎಣ್ಣೆಯೇ ಬೇಕೆಂದರೆ ಲೀಟರಿಗೆ 5 ಮಿಲಿ ಮೀರದಿರಲಿ. ಬಿಸಿಲಿಳಿದ ಮೇಲೆ ಒಂದೇ ಕೊಂಬೆಗೆ ಹೊಡೆದು ಎರಡು ದಿನ ನೋಡಿ.

ದೊಡ್ಡಪ್ಪ: ಹಾಗಾದರೆ ವಿಡಿಯೊ ಅಳಿಸಲೇ? ಬಡಾವಣೆಯ ಗುಂಪಿಗೂ ಕಳಿಸಿದ್ದೇನೆ.

ನಾನು: ಅಲ್ಲಿಯೂ ಅಳಿಸಿ, ಅಳತೆ ತಪ್ಪೆಂದು ಬರೆಯಿರಿ. ಇಂದು ಸಂಜೆಯೇ ಹೊಡೆಯುವವರು ಅಲ್ಲಿಯೂ ಇರುತ್ತಾರೆ.

ಚಿಕ್ಕಪ್ಪ: ಗುರುವಾರ ಯಲಹಂಕದ ಕಡೆ ಬರುವುದಿದೆ. ಎಲೆ ತರುತ್ತೇನೆ. ಎಣ್ಣೆಯ ಮಾತು ಆಮೇಲೆ.