ಜರ್ಮನ್‌ನಲ್ಲಿ ‘ಬೇಕು’ ಎಲ್ಲಿ ಕೂರಬೇಕು? ವೈಲ್ ಬಂದರೆ ಎಲ್ಲ ತಪ್ಪುತ್ತಿದೆ

ಬದಿಯಡ್ಕದವಳು
ನಮಸ್ಕಾರ. ನಾನು ಕಲಿತದ್ದು ಕನ್ನಡ ಮೀಡಿಯಂ, ಆಮೇಲೆ ನರ್ಸಿಂಗ್. ಈಗ ಜರ್ಮನ್ ಎ-2 ಕ್ಲಾಸಿಗೆ ಹೋಗುತ್ತಿದ್ದೇನೆ, ಪಾಠ ಎಲ್ಲ ಮಲಯಾಳ, ಇಂಗ್ಲಿಷಿನಲ್ಲಿ. ‘ಇಷ್ ಮುಸ್ ಹೊಯ್ಟೆ ಆರ್ಬೈಟನ್’ ಅಂದರೆ ನಾನು ಇವತ್ತು ಕೆಲಸ ಮಾಡಬೇಕು, ಇದು ಗೊತ್ತಾಯಿತು. ಹೊಯ್ಟೆ ಮೊದಲು ಬಂದರೆ ‘ಹೊಯ್ಟೆ ಮುಸ್ ಇಷ್ ಆರ್ಬೈಟನ್’, ಇದನ್ನೂ ಹೇಗೋ ಬಾಯಿಪಾಠ ಮಾಡಿದೆ. ಆದರೆ ‘ಯಾಕೆಂದರೆ’ ಅನ್ನುವ ವೈಲ್ ಸೇರಿದ ಕೂಡಲೇ ‘ವೈಲ್ ಇಷ್ ಹೊಯ್ಟೆ ಆರ್ಬೈಟನ್ ಮುಸ್’ ಆಗುತ್ತದೆ. ಈ ಮುಸ್ ಕೊನೆಗೆ ಯಾಕೆ ಓಡುತ್ತದೆ? ನಿನ್ನೆ ಟೆಸ್ಟಿನಲ್ಲಿ ಹತ್ತರಲ್ಲಿ ಆರು ತಪ್ಪು, ಆರೂ ಇಲ್ಲೇ.

ಕುಂಬಳೆ ಅಕ್ಕ
ತಂಗಿ, ನೀನು ಇಂಗ್ಲಿಷಿನ ದಾರಿಯಲ್ಲಿ ಹೋಗುತ್ತಿದ್ದೀ, ಅದಕ್ಕೇ ಕಷ್ಟ. ವೈಲ್ ನಂತರದ ಪದಗಳ ಕೆಳಗೆ ಕನ್ನಡ ಬರೆದು ನೋಡು. ಇಷ್, ನಾನು. ಹೊಯ್ಟೆ, ಇವತ್ತು. ಆರ್ಬೈಟನ್, ಕೆಲಸ ಮಾಡ. ಮುಸ್, ಬೇಕು. ನಮ್ಮ ಮಾತೇ ಅಲ್ವಾ? ಒಂದು ಪದವೂ ಆಚೀಚೆ ಆಗಿಲ್ಲ. ಮುಸ್ ಎಲ್ಲಿಗೂ ಓಡಲಿಲ್ಲ, ಅದರ ಮನೆಯೇ ಕೊನೆಯಲ್ಲಿ. ವೈಲ್, ಡಸ್ (‘ಎಂದು’), ವೆನ್ (‘-ದರೆ’) ಇಲ್ಲದ ಸಾದಾ ವಾಕ್ಯದಲ್ಲಿ ಅದನ್ನು ಅಲ್ಲಿಂದ ಎತ್ತಿ ಎರಡನೇ ಜಾಗದಲ್ಲಿ ಇಡುತ್ತಾರೆ, ಆರ್ಬೈಟನ್ ಮಾತ್ರ ಕೊನೆಯಲ್ಲೇ ಉಳಿಯುತ್ತದೆ. ಎರಡನೇ ಜಾಗ ಅಂದರೆ ಎರಡನೇ ಪದ ಅಲ್ಲ. ‘ಮೋರ್ಗನ್ ಉಮ್ ಜ಼ೀಬನ್ ಮುಸ್ ಇಷ್ ಆರ್ಬೈಟನ್’ ಅನ್ನುವಾಗ ‘ನಾಳೆ ಏಳಕ್ಕೆ’ ಎಂಬ ಮೂರೂ ಪದ ಸೇರಿ ಒಂದೇ ಜಾಗ.

ನಿನ್ನ ಮಲಯಾಳಿ ಗೆಳತಿಯರಿಗೂ ಹೇಳು. ‘ಞಾನ್ ಇನ್ನ್ ಜೋಲಿ ಚೆಯ್ಯಣಂ’, ಅಲ್ಲೂ ಬೇಕು ಕೊನೆಗೇ.

ಮಂಜೇಶ್ವರ ಲೋಕಲ್
ಅಕ್ಕ ಹೇಳಿದ್ದು ಸರಿ. ಆದರೆ ‘ಡೆನ್’ ಅಂದರೂ ಯಾಕೆಂದರೆ ಎಂದೇ ಅರ್ಥ, ಅದು ಬಂದರೆ ಮುಸ್ ಎರಡನೇ ಜಾಗದಲ್ಲೇ ಇರುತ್ತದೆ, ಜಾಗ್ರತೆ.

ಇನ್ನೊಂದು, ನರ್ಸ್ ಆಗುವವರಿಗೆ ಇದು ತುಂಬಾ ಮುಖ್ಯ. ಇಂಗ್ಲಿಷಿನ ‘ಮಸ್ಟ್ ನಾಟ್’ ನಂಬಿ ‘ಮ್ಯುಸನ್ ನಿಷ್ಟ್’ (ಮ್ಯುಸನ್ ಮುಸ್‌ನದೇ ರೂಪ, ನಿಷ್ಟ್ ಅಂದರೆ ಇಲ್ಲ) ಹೇಳಬೇಡಿ. ‘ಜ಼ೀ ಮ್ಯುಸನ್ ನಿಷ್ಟ್ ಔಫ್‌ಶ್ಟೇಎನ್’ ಅಂದರೆ ನೀವು ಏಳಬೇಕಾಗಿಲ್ಲ. ಏಳಬಾರದು ಅನ್ನಲು ‘ಡ್ಯುರ್ಫನ್ ನಿಷ್ಟ್’. ಸೊಂಟದ ಆಪರೇಷನ್ ಆಗಿದ್ದ ಅಜ್ಜಿಗೆ ನಾನು ಮೊದಲ ವಾರದಲ್ಲಿ ಮ್ಯುಸನ್ ಅಂದುಬಿಟ್ಟೆ. ಏಳುವುದು ಬಿಡುವುದು ತನ್ನಿಷ್ಟ ಅಂದುಕೊಂಡು ಅವರು ನಿಧಾನಕ್ಕೆ ಹೊದಿಕೆ ಸರಿಸಿ ಒಂದು ಕಾಲು ಕೆಳಗಿಟ್ಟರು, ನಾನು ಟ್ರೇ ಅಲ್ಲೇ ಬಿಟ್ಟು ಓಡಿ ಹಿಡಿದೆ. ಆ ಹೆದರಿಕೆ ಇವತ್ತಿಗೂ ಹೋಗಿಲ್ಲ. ಬೇಕಾಗಿಲ್ಲ, ಬಾರದು ಎಂದು ನಮ್ಮಲ್ಲಿ ಬೇರೆ ಬೇರೆ ಪದ ಇದೆಯಲ್ಲ, ಅದನ್ನೇ ಹಿಡಿದುಕೊಳ್ಳಿ.

ಬೇಕು ಎಲ್ಲರಿಗೂ ಒಂದೇ, ಮುಸ್ ಹಾಗಲ್ಲ. ಡು (ನೀನು) ಮುಸ್ಟ್, ವಿರ್ (ನಾವು) ಮ್ಯುಸನ್. ಏರ್ (ಅವನು) ಬಂದರೂ ಮುಸ್ ಎಂದೇ, ಕೊನೆಗೆ ಟ್ ಸೇರಿಸಬೇಡಿ.

ಬದಿಯಡ್ಕದವಳು
ಅಕ್ಕಾ, ಅಣ್ಣಾ, ಇದು ಸರಿಯಾ ನೋಡಿ: ‘ವೈಲ್ ಡೇರ್ ಪಾಟ್ಸಿಯೆಂಟ್ ನಿಷ್ಟ್ ಔಫ್‌ಶ್ಟೇಎನ್ ಡಾರ್ಫ್’, ಯಾಕೆಂದರೆ ರೋಗಿ ಏಳಬಾರದು (ಡಾರ್ಫ್ ಡ್ಯುರ್ಫನ್‌ನದೇ ರೂಪ). ನಿನ್ನೆಯ ವಿಷಯ ಆದರೆ ‘ವೈಲ್ ಇಷ್ ಗೆಸ್ಟರ್ನ್ ಆರ್ಬೈಟನ್ ಮುಸ್ಟೆ’?

ಕುಂಬಳೆ ಅಕ್ಕ
ಎರಡೂ ಸರಿ! ಮುಸ್ಟೆ ಅಂದರೆ ‘ಬೇಕಾಯಿತು’, ಅದೂ ಕೊನೆಗೇ. ಮುಂದೆ ಪುಸ್ತಕದಲ್ಲಿ ‘ವೈಲ್ ಇಷ್ ಗೆಸ್ಟರ್ನ್ ಹಾಬೆ ಆರ್ಬೈಟನ್ ಮ್ಯುಸನ್’ ಅಂತ ಸಿಗುತ್ತದೆ. ಅರ್ಥ ಅದೇ, ಆದರೆ ಅಲ್ಲಿ ಮಾತ್ರ ಹಾಬೆ ಎಂಬ ಸಹಾಯಕ ಕ್ರಿಯಾಪದ ಮುಂದೆ ಬರುತ್ತದೆ, ಕನ್ನಡದ ಲೆಕ್ಕ ನಡೆಯುವುದಿಲ್ಲ. ಅದನ್ನು ಓದಿ ಅರ್ಥ ಮಾಡಿಕೊಂಡರೆ ಸಾಕು, ಮಾತಾಡುವಾಗ ಮುಸ್ಟೆ ಅನ್ನು.